ಚೈನೇ ಇಲ್ಲದ ಇಂಜಿನ್‌ಗೆ ಚೈನು ಹೋಗಿದೆಯಂತೆ!

ಕಬ್ಬು ಕಡಿಯೋ ಕಾಲ ಹತ್ತಿರ ಬಂತು ಅಂದ್ರೆ ನಮ್ಮ ಕಡೆ ಗ್ಯಾರೇಜುಗಳ ಮುಂದೆ ಹಳೇ ಗಾಡಿಗಳು ಸಾಲುಗಟ್ಟಿ ನಿಲ್ತವೆ. ಪಾಂಡವಪುರ, ಶ್ರೀರಂಗಪಟ್ಟಣದ ಕಬ್ಬಿನ ಲಾರಿ, ಆಲೆಮನೆಯಿಂದ ಮಂಡ್ಯಕ್ಕೆ ಬೆಲ್ಲ ಹೊಡೆಯೋ ಟೆಂಪೊ, ಕೆ.ಆರ್.ಪೇಟೆಯ ತರಕಾರಿ ಗಾಡಿ, ನಾಗಮಂಗಲದ ತೆಂಗಿನಕಾಯಿ ಟ್ರ್ಯಾಕ್ಸು. ವರ್ಷವೆಲ್ಲ ಹೇಗೋ ಓಡಿಸಿ, ಕೆಲಸ ಸಿಗೋ ಟೈಮಿಗೆ ಸರಿಯಾಗಿ ಇಂಜಿನ್ ಮುಂಭಾಗದಲ್ಲಿ ಕಟ ಕಟ ಶುರುವಾಗುತ್ತೆ. ಗ್ಯಾರೇಜಿನವನು ಬಾನೆಟ್ ಎತ್ತಿ, ಎರಡು ಸಲ ರೇಸ್ ಕೊಟ್ಟು, ಕಿವಿ ಕೊಟ್ಟಂಗೆ ಮಾಡಿ ತೀರ್ಪು ಹೇಳ್ತಾನೆ: "ಅಣ್ಣಾ, ಟೈಮಿಂಗ್ ಚೈನ್ ಹೋಗೈತೆ. ಇಂಜಿನ್ ಇಳಿಸ್ಬೇಕು."

ನಾವು ಏನ್ ಕೇಳ್ತೀವಿ? "ಎಷ್ಟಾಯ್ತದಪ್ಪಾ?" ಅಂತ ಕೇಳ್ತೀವಿ. ಅದೇ ತಪ್ಪು ಪ್ರಶ್ನೆ. ಕೇಳಬೇಕಾಗಿರೋದು "ಹೆಂಗ್ ಗೊತ್ತಾಯ್ತಪ್ಪಾ ನಿಂಗೆ?" ಅಂತ.

ಹಳ್ಳಿಕಾರ್ ಹೋರಿ ಕೊಳ್ಳೋಕೆ ಹೋದ್ರೆ ಹಲ್ಲು ಎಣಿಸ್ತೀವಿ, ಸುಳಿ ನೋಡ್ತೀವಿ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡ್ತೀವಿ. ಬೆಲ್ಲ ಕೊಳ್ಳೋನು ಅಚ್ಚು ಮುರಿದು ನೋಡದೆ ರೇಟು ಹೇಳಲ್ಲ. ಆದ್ರೆ ಲಕ್ಷಗಟ್ಟಲೆ ಬಾಳೋ ಗಾಡಿ ಇಂಜಿನ್ನನ್ನ ಒಬ್ಬರ ಕಿವಿ ನಂಬಿ ಬಿಚ್ಚೋಕೆ ಬಿಡ್ತೀವಿ. ಇದು ನಿಲ್ಲಬೇಕು. ಅಳತೆ ತೋರಿಸದೆ ಇಂಜಿನ್‌ಗೆ ಸ್ಪ್ಯಾನರ್ ಹಾಕಕೂಡದು, ಇಷ್ಟೇ ನನ್ನ ವಾದ. ಯಾಕೆ, ಹೆಂಗೆ ಅಂತ ವಿವರವಾಗಿ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಸಾಯಂಕಾಲ ಬಿಡುವಾಗಿ ಓದಿ.

ಮೊದಲನೇ ವಿಷಯ. ನಿಮ್ಮ ಗಾಡಿಗೆ ಟೈಮಿಂಗ್ ಚೈನು ಇದೆಯಾ? ನಗಬೇಡಿ. ನಮ್ಮ ಕಡೆ ಓಡೋ ಹಳೇ ಲಾರಿಗಳಲ್ಲಿ ಹೆಚ್ಚಿನವಕ್ಕೆ ಚೈನೇ ಇಲ್ಲ. ಟಾಟಾದ 697 ಇಂಜಿನ್ ಇರೋ ಹಳೇ ದೊಡ್ಡ ಲಾರಿಗಳಿಗೆ ಇರೋದು ಟೈಮಿಂಗ್ ಗೇರು. ಲೇಲ್ಯಾಂಡಿನ ಹಿನೋ ಇಂಜಿನ್‌ಗೂ ಗೇರು. ನಿಮ್ಮ ಮನೆ ಮುಂದೆ ನಿಂತಿರೋ ಮ್ಯಾಸಿ ಟ್ರ್ಯಾಕ್ಟರ್‌ಗೂ ಗೇರು. ಹಳೇ ಟಾಟಾ ಏಸ್ ಡೀಸೆಲ್‌ಗೆ ರಬ್ಬರ್ ಬೆಲ್ಟು. ಗೇರು ಸವೆದ್ರೆ ಚೈನಿನ ಥರ ಕಟಕಟ ಅನ್ನಲ್ಲ, ಗೊಂಯ್ ಅಂತ ಒಂದೇ ಸಮನೆ ಅಳೋ ಹಂಗೆ ಕೂಗುತ್ತೆ, ರೇಸ್ ಏರಿಸಿದ ಹಾಗೆ ಕೂಗೂ ಏರುತ್ತೆ. ಹಲ್ಲಿನ ಸಡಿಲ ಎಷ್ಟು ಅಂತ ಡಯಲ್ ಗೇಜ್ ಇಟ್ಟು ನೋಡಿದರೆ ಗೊತ್ತಾಗುತ್ತೆ.

ಕೆ.ಆರ್.ಪೇಟೆ ಕಡೆ ನಮಗೆ ಬೇಕಾದವರೊಬ್ಬರದ್ದು ಹಳೇ ಟಾಟಾ 1613. ಮುಂದೆ ಕಟಕಟ ಅಂತಿತ್ತು. "ಟೈಮಿಂಗ್ ಚೈನ್" ಅಂದ ಒಬ್ಬ. ಇಲ್ಲದ ಚೈನಿಗೆ ಎಸ್ಟಿಮೇಟೂ ಬರೆದುಕೊಟ್ಟ! ಇವರು ದುಡ್ಡಿಗೆ ಒಡವೆ ಅಡ ಇಡೋಕೆ ಹೊರಟಿದ್ದರು. ಕೊನೆಗೆ ನೋಡಿದರೆ ಬ್ರೇಕಿನ ಏರ್ ಕಂಪ್ರೆಸರ್. ಅದನ್ನ ಪತ್ತೆ ಮಾಡೋಕೆ ಒಂದು ಬೋಲ್ಟೂ ಬಿಚ್ಚಬೇಕಿಲ್ಲ. ಗಾಳಿ ಪೂರ್ತಿ ತುಂಬಿ ಪುಸ್ ಅಂತ ಬಿಟ್ಟಾಗ ಕಂಪ್ರೆಸರ್ ಮೇಲಿನ ಭಾರ ಇಳಿಯುತ್ತೆ, ಆಗ ಶಬ್ದ ಕಮ್ಮಿ ಆಗುತ್ತಾ ನೋಡಿ. ಆಮೇಲೆ ಬ್ರೇಕ್ ನಾಲ್ಕೈದು ಸಲ ಒತ್ತಿ ಗಾಳಿ ಇಳಿಸಿ. ಮತ್ತೆ ತುಂಬೋಕೆ ಶುರುವಾದಾಗ ಶಬ್ದ ವಾಪಸ್ ಬಂದ್ರೆ ಕಳ್ಳ ಸಿಕ್ಕಿದ ಹಾಗೆ.

ಹಾಗಾದ್ರೆ ಚೈನು ಯಾವುದಕ್ಕಿದೆ? ಹಳೇ ಟೆಂಪೊ ಟ್ರ್ಯಾಕ್ಸ್, ಹಳೇ ಟ್ರಾವೆಲರ್. ಈಗ ಫೋರ್ಸ್ ಅಂತೀವಲ್ಲ, 2005ರವರೆಗೆ ಅದರ ಹೆಸರು ಬಜಾಜ್ ಟೆಂಪೊ, ಪುಣೆ ಕಂಪನಿ. ಅವರು ಈ ಗಾಡಿಗಳಿಗೆ ಹಾಕಿದ್ದು ಮರ್ಸಿಡಿಸ್‌ನವರ ಓಎಂ 616 ಅನ್ನೋ 2.4 ಲೀಟರ್, ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್. ಜರ್ಮನಿಯಲ್ಲಿ 1973ರಲ್ಲಿ 240ಡಿ ಕಾರಿಗೆ ಬಂದ ಇಂಜಿನ್ ಅದು. ಅಲ್ಲಿ ಟ್ಯಾಕ್ಸಿಯವರು ಓಡಿಸಿ ಓಡಿಸಿ ಹೆಸರು ತಂದ ಇಂಜಿನ್ನು ನಮ್ಮಲ್ಲಿ ಮದುವೆ ದಿಬ್ಬಣ, ಹಾಲಿನ ಕ್ಯಾನು, ರೇಷ್ಮೆಗೂಡು ಎಲ್ಲಾ ಹೊತ್ತಿತು. ಇದಕ್ಕೆ ಕ್ಯಾಮ್ ಶಾಫ್ಟು ಹೆಡ್ಡಿನ ಮೇಲೆ. ಕೆಳಗಿನ ಕ್ರ್ಯಾಂಕಿಂದ ಮೇಲಿನ ಕ್ಯಾಮಿಗೆ ಎರಡು ಸಾಲಿನ ರೋಲರ್ ಚೈನು, ಅದೇ ಚೈನು ಡೀಸೆಲ್ ಪಂಪನ್ನೂ ತಿರುಗಿಸುತ್ತೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತೆ.

ನಿಮ್ಮದು ಯಾವ ಇಂಜಿನ್ ಅಂತ ಅನುಮಾನ ಇದ್ರೆ ಟ್ಯಾಪೆಟ್ ಕವರ್ ಬಿಚ್ಚಿ ನೋಡಿ. ಮುಂದಿನ ತುದಿಯಲ್ಲಿ ಹಲ್ಲಿನ ಚಕ್ರ, ಅದರ ಮೇಲೆ ಚೈನು ಕಣ್ಣಿಗೇ ಕಾಣುತ್ತೆ. ಕಾಣದೆ ಬರೀ ರಾಕರ್, ಪುಶ್ ರಾಡ್ ಇದ್ದರೆ ಚೈನಿನ ಕಥೆ ಹೇಳಿದವನಿಗೆ ಅಲ್ಲೇ ಕೈ ಮುಗಿದು ಗಾಡಿ ವಾಪಸ್ ತನ್ನಿ.

ಈಗ ಚೈನ್ ಇರೋ ಗಾಡಿಯ ಮಾತು. ಇದರಲ್ಲೂ ಕಟಕಟ ಅಂದ ತಕ್ಷಣ ಚೈನೇ ಅಂತ ಅಲ್ಲ. ಇಂಜಿನ್ ಮುಂಭಾಗದಲ್ಲಿ ಶಬ್ದ ಮಾಡೋ ಸಾಮಾನು ಬೇಕಾದಷ್ಟಿವೆ. ಡೈನಮೋ ಬೇರಿಂಗು, ವಾಟರ್ ಪಂಪ್ ಬೇರಿಂಗು, ಸಡಿಲ ಆದ ಪುಲ್ಲಿ. ಫ್ಯಾನ್ ಬೆಲ್ಟ್ ಕಳಚಿ ಅರ್ಧ ನಿಮಿಷ ಇಂಜಿನ್ ಸ್ಟಾರ್ಟ್ ಮಾಡಿ. ಅರ್ಧ ನಿಮಿಷ ಅಷ್ಟೇ, ನೀರು ತಿರುಗ್ತಾ ಇರಲ್ಲ. ಶಬ್ದ ನಿಂತರೆ ನಿಮ್ಮ ಖರ್ಚು ಒಂದು ಬೇರಿಂಗು. ಕ್ಲಚ್ ಒತ್ತಿ ನೋಡಿ, ಶಬ್ದ ಬದಲಾದರೆ ಅದು ಮುಂದಿನದಲ್ಲ, ಹಿಂದಿನದು. ಕ್ಲಚ್ ಬೇರಿಂಗೋ ಗೇರ್ ಬಾಕ್ಸೋ ಇರುತ್ತೆ. ಕಬ್ಬಿಣದ ಬಾಡಿಯಲ್ಲಿ ಶಬ್ದ ಎಲ್ಲೋ ಹುಟ್ಟಿ ಎಲ್ಲೋ ಕೇಳುತ್ತೆ, ಕೆರೆ ಏರಿ ಮೇಲೆ ನಿಂತು ಕೂಗಿದ ಹಾಗೆ.

ಆಮೇಲೆ ನಾಜಲ್. ಡೀಸೆಲ್ ಇಂಜಿನ್ನಿನ ಕಟಕಟದಲ್ಲಿ ನಾಜಲ್ ಪಾಲು ಬಹಳ. ಹಳೇ ಪಂಪಿನ ಇಂಜಿನ್ ಆದ್ರೆ, ಐಡಲ್‌ನಲ್ಲಿ ಓಡ್ತಾ ಇರುವಾಗ ಒಂದೊಂದೇ ನಾಜಲ್ ಪೈಪಿನ ನಟ್ಟು ಸ್ವಲ್ಪ ಸಡಿಲ ಮಾಡಿ. ಯಾವ ಸಿಲಿಂಡರಿಂದು ಸಡಿಲ ಮಾಡಿದಾಗ ಶಬ್ದ ಹೋಗುತ್ತೋ ಆ ನಾಜಲನ್ನ ಟೆಸ್ಟಿಗೆ ಕೊಡಿ. ನಾಲ್ಕನ್ನೂ ಸಡಿಲ ಮಾಡಿದರೂ ಶಬ್ದ ಅದೇ ಥರ ಇದ್ರೆ ನಾಜಲ್ ಅಲ್ಲ. ಹುಷಾರು, ಕಣ್ಣು, ಬರಿಗೈ ಹತ್ತಿರ ತರಬೇಡಿ, ದಪ್ಪ ಬಟ್ಟೆ ಸುತ್ತಿ ಮಾಡಿ. ಹೊಸ ಕಾಮನ್ ರೈಲ್ ಗಾಡಿಗಳಲ್ಲಿ ಈ ಕೆಲಸ ಮಾಡಲೇಬಾರದು. ಅದರ ಪೈಪಿನಲ್ಲಿ 1000 ಬಾರಿಗಿಂತ ಮೇಲೆ ಒತ್ತಡ ಇರುತ್ತೆ, ಡೀಸೆಲ್ಲು ಸೂಜಿ ಥರ ಚರ್ಮದೊಳಗೆ ನುಗ್ಗುತ್ತೆ, ಬೆರಳೇ ಹೋಗಬಹುದು.

ಟ್ಯಾಪೆಟ್ಟನ್ನ ಯಾರೂ ನೋಡಲ್ಲ. ನಾನು ಕಂಡ ಟ್ರ್ಯಾಕ್ಸ್‌ಗಳಲ್ಲಿ ಟ್ಯಾಪೆಟ್ ಕಡೆ ತಿರುಗಿಯೂ ನೋಡದೆ ವರ್ಷಗಟ್ಟಲೆ ಓಡಿದವೇ ಜಾಸ್ತಿ. ಮೂಲ ಮರ್ಸಿಡಿಸ್ ಇಂಜಿನ್‌ಗೆ ತಣ್ಣಗಿದ್ದಾಗ ಒಳಗಾಳಿ ವಾಲ್ವಿಗೆ 0.10, ಹೊಗೆ ವಾಲ್ವಿಗೆ 0.30 ಮಿಲಿಮೀಟರ್ ಸಂದು. ನಿಮ್ಮ ಗಾಡಿ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಹಿಡೀರಿ. ಫೀಲರ್ ಗೇಜು, ಎರಡು ಸ್ಪ್ಯಾನರ್, ಎರಡು ಗಂಟೆ ಕೆಲಸ. ಸಂದು ಜಾಸ್ತಿಯಾದ್ರೆ ಟಿಕ್ ಟಿಕ್ ಅಂತ ಇಂಜಿನ್ ತಿರುಗೋ ವೇಗದ ಅರ್ಧಕ್ಕೆ ತಾಳ ಹಾಕುತ್ತೆ, ಯಾಕಂದ್ರೆ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದೇ ಸುತ್ತು. ಚೈನಿನ ಶಬ್ದಕ್ಕೆ ಹೀಗೆ ಶುದ್ಧ ತಾಳ ಇರಲ್ಲ. ಗೋಣಿಚೀಲದಲ್ಲಿ ಕಬ್ಬಿಣದ ಸರಪಳಿ ಹಾಕಿ ಅಲ್ಲಾಡಿಸಿದ ಹಾಗೆ ಝರ ಝರ, ಇಂಜಿನ್ನಿನ ತೀರ ಮುಂದಿನ ತುದಿಯಲ್ಲಿ. ಐಡಲ್‌ನಲ್ಲಿ ಜಾಸ್ತಿ, ರೇಸ್ ಕೊಟ್ಟರೆ ಕಮ್ಮಿ, ಕಾಲು ತೆಗೆದಾಗ ಮತ್ತೆ ಝರ್ ಅನ್ನುತ್ತೆ. ಉದ್ದ ಸ್ಕ್ರೂ ಡ್ರೈವರಿನ ಹಿಡಿ ಕಿವಿಗಿಟ್ಟು ತುದಿಯನ್ನ ಒಂದೊಂದು ಜಾಗಕ್ಕೆ ತಾಗಿಸಿ ಕೇಳಿ. ಫ್ಯಾನ್ ಕಡೆ ಟವೆಲ್ಲು, ಪಂಚೆ ತುದಿ ಹುಷಾರು.

ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ತಕ್ಷಣ ಎರಡು ಮೂರು ಸೆಕೆಂಡು ಝರಝರ ಅಂದು ನಿಂತು ಹೋದ್ರೆ? ಚೈನು ಬಿಗಿ ಹಿಡಿಯೋ ಟೆನ್ಷನರ್ ಆಯಿಲ್ ಒತ್ತಡದಲ್ಲಿ ಕೆಲಸ ಮಾಡುತ್ತೆ. ರಾತ್ರಿ ಆಯಿಲ್ ಇಳಿದಿರುತ್ತೆ, ಬೆಳಗ್ಗೆ ತುಂಬೋವರೆಗೆ ಚೈನು ಸಡಿಲ. ಮೊದಲು ಆಯಿಲ್ ಲೆವೆಲ್, ಆಯಿಲ್ ಫಿಲ್ಟರ್, ಆಮೇಲೆ ಟೆನ್ಷನರ್ ನೋಡಬೇಕು. ಟೆನ್ಷನರ್ ಹೊಸದು ಹಾಕೋವಾಗ ಆಯಿಲ್ಲಿನಲ್ಲಿ ಮುಳುಗಿಸಿ, ಒತ್ತಿ ಒತ್ತಿ ಒಳಗೆ ತುಂಬಿಸಿ ಹಾಕಬೇಕು. ಒಣಗಿದ್ದನ್ನೇ ಹಾಕಿ ಸ್ಟಾರ್ಟ್ ಮಾಡಿದರೆ ಚೈನು ಹಲ್ಲು ಹಾರಬಹುದು. ಟೆನ್ಷನರ್ ಹೊರಗಿರುವಾಗ ಇಂಜಿನ್ ತಿರುಗಿಸಿದರೂ ಅದೇ ಅಪಾಯ.

ಇಷ್ಟೆಲ್ಲಾ ನೋಡಿದ ಮೇಲೂ ಚೈನ್ ಮೇಲೇ ಅನುಮಾನ ಇದೆ ಅನ್ನಿ. ಆಗಲೂ ಇಂಜಿನ್ ಇಳಿಸೋ ಮಾತು ಬರಲ್ಲ. ಅಳತೆ ಬರುತ್ತೆ. ಚೈನು ಹಿಗ್ಗಿದೆ ಅಂತೀವಿ, ನಿಜವಾಗಿ ಉಕ್ಕು ಹಿಗ್ಗಲ್ಲ. ಒಂದೊಂದು ಕೊಂಡಿಯ ಪಿನ್ನು, ಬುಷ್ಷು ಕೂದಲೆಳೆಯಷ್ಟು ಸವೆದು, ಎಲ್ಲಾ ಸೇರಿ ಚೈನು ಉದ್ದ ಆಗುತ್ತೆ, ಸೈಕಲ್ ಚೈನ್ ಥರ. ಉದ್ದ ಆದಾಗ ಮೇಲಿನ ಕ್ಯಾಮು ಕೆಳಗಿನ ಕ್ರ್ಯಾಂಕಿಗಿಂತ ಹಿಂದೆ ಬೀಳುತ್ತೆ. ಎಷ್ಟು ಹಿಂದೆ ಬಿದ್ದಿದೆ ಅಂತ ನೋಡಿದರೆ ಆಯ್ತು, ಚೈನಿನ ಜಾತಕ ಸಿಕ್ಕಿತು.

ಹೇಗಂದ್ರೆ, ಟ್ಯಾಪೆಟ್ ಕವರ್ ಬಿಚ್ಚಿ. ಹೀಟರ್ ಪ್ಲಗ್ ತೆಗೆದರೆ ಕಂಪ್ರೆಶನ್ ಇರಲ್ಲ, ಕೈಯಲ್ಲಿ ತಿರುಗಿಸೋದು ಸಲೀಸು. ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಇಂಜಿನ್ ಓಡೋ ದಿಕ್ಕಿಗೇ ನಿಧಾನ ತಿರುಗಿಸಿ. ಕ್ಯಾಮ್ ಚಕ್ರದ ಹಿಂದಿನ ವಾಷರ್ ಮೇಲೆ ಒಂದು ಗೀಟು ಇದೆ, ಮೊದಲ ಕ್ಯಾಮ್ ಬೇರಿಂಗಿನ ಮೇಲೆ ಒಂದು ಗುರುತು ಇದೆ. ಎರಡೂ ನೇರ ಬಂದಾಗ ನಿಲ್ಲಿಸಿ ಕೆಳಗೆ ಪುಲ್ಲಿ ನೋಡಿ. ಚೈನು ಹೊಸದಾಗಿದ್ರೆ ಪುಲ್ಲಿ ಸೊನ್ನೆ ಹತ್ತಿರ ಇರುತ್ತೆ, ಸವೆದಿದ್ರೆ ಸೊನ್ನೆ ದಾಟಿ ಮುಂದೆ ಹೋಗಿರುತ್ತೆ. ಎಷ್ಟು ಡಿಗ್ರಿ ದಾಟಿದೆಯೋ ಅದೇ ಸವೆತ. ಗೀಟು ದಾಟಿ ಹೋಯ್ತು ಅಂತ ವಾಪಸ್ ತಿರುಗಿಸಬೇಡಿ, ಸಡಿಲ ಆಚೆ ಕಡೆಗೆ ಹೋಗಿ ಲೆಕ್ಕ ಸುಳ್ಳಾಗುತ್ತೆ. ಇನ್ನೆರಡು ಸುತ್ತು ಮುಂದಕ್ಕೇ ತಿರುಗಿಸಿ ಮತ್ತೆ ಹಿಡೀರಿ. ಪುಲ್ಲಿಯಲ್ಲಿ ಡಿಗ್ರಿ ಗೆರೆ ಅಳಿಸಿ ಹೋಗಿ ಸೊನ್ನೆ ಗುರುತು ಒಂದೇ ಉಳಿದಿದ್ರೆ ಟೈಲರ್ ಟೇಪಿನಲ್ಲಿ ಸುತ್ತಳತೆ ತಗೊಂಡು 360ರಿಂದ ಭಾಗಿಸಿ. ಸುತ್ತಳತೆ 540 ಮಿಲಿಮೀಟರ್ ಇದ್ದರೆ ಒಂದೂವರೆ ಮಿಲಿಮೀಟರಿಗೆ ಒಂದು ಡಿಗ್ರಿ. ಏಳನೇ ಕ್ಲಾಸಿನ ಲೆಕ್ಕ, ಮಕ್ಕಳ ಕೈಲಿ ಮಾಡಿಸಿ.

ಎರಡು ಡಿಗ್ರಿ ಒಳಗೆ ಇದ್ರೆ ಚೈನಿನ ತಂಟೆಗೆ ಹೋಗಬೇಡಿ. ನಾಲ್ಕು, ಐದು ಬಂದ್ರೆ ಕ್ಯಾಮ್ ಚಕ್ರಕ್ಕೆ ಹಾಕೋ ಓರೆ ಕೀ ಅಂತ ಇದೆ, ಅದನ್ನ ಹಾಕಿ ಟೈಮಿಂಗ್ ಸರಿ ಮಾಡಬಹುದು. ಮರ್ಸಿಡಿಸ್‌ನವರೇ ಇದಕ್ಕೆ ಅಂತಲೇ ಬೇರೆ ಬೇರೆ ಅಳತೆಯ ಕೀ ಮಾಡಿದ್ದಾರೆ. ಆದ್ರೆ ಶಬ್ದ ಬರ್ತಿದ್ದು, ಸವೆತವೂ ಜಾಸ್ತಿ ಇದ್ದು, ಚೈನು ಪಕ್ಕದ ಗೈಡ್ ಪಟ್ಟಿಗಳಲ್ಲಿ ಗಾಡಿ ಜಾಡಿನ ಥರ ಹಳ್ಳ ಬಿದ್ದಿದ್ರೆ ಕೀ ಹಾಕಿ ಸುಮ್ಮನಾಗೋದು ನನಗೆ ಒಪ್ಪಿಗೆ ಇಲ್ಲ. ಚೈನು ಬದಲಾಯಿಸಿ.

ಇನ್ನೊಂದು ಸಾಕ್ಷಿ ಹೇಳ್ತೀನಿ. ಅದೇ ಚೈನು ಡೀಸೆಲ್ ಪಂಪನ್ನೂ ತಿರುಗಿಸುತ್ತೆ ಅಂದ್ನಲ್ಲ. ಚೈನು ನಿಜವಾಗಿ ಸವೆದಿದ್ರೆ ಡೀಸೆಲ್ ಬೀಳೋದೂ ತಡ ಆಗುತ್ತೆ. ಬೆಳಗ್ಗೆ ಸ್ಟಾರ್ಟಿಂಗ್ ತ್ರಾಸು, ಹೊಗೆ, ಏರಿನಲ್ಲಿ ಎಳೆಯಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತೆ. ಇವು ಯಾವುದೂ ಇಲ್ಲ, ಜಕ್ಕನಹಳ್ಳಿ ಕಡೆಯಿಂದ ಮೇಲುಕೋಟೆ ಏರನ್ನ ಲೋಡಲ್ಲೇ ಮೊದಲಿನ ಹಂಗೇ ಹತ್ತುತ್ತೆ, ಬರೀ ಶಬ್ದ ಇದೆ ಅಂದ್ರೆ ಚೈನಿಗಿಂತ ಮೊದಲು ಬೇರೆಯವರನ್ನ ವಿಚಾರಿಸಿ.

ಬದಲಾಯಿಸೋಕಾದ್ರೂ ಇಂಜಿನ್ ಇಳಿಸಬೇಕಾ? ಬೇಡ. ಹೆಚ್ಚು ಜನರಿಗೆ ಗೊತ್ತಿಲ್ಲದ ವಿಷಯ ಇದೇ, ಕೆಲವರು ಗೊತ್ತಿದ್ದೂ ಹೇಳದ ವಿಷಯವೂ ಇದೇ. ಮೇಲಿನ ಕ್ಯಾಮ್ ಚಕ್ರದ ಹತ್ತಿರ ಸಂದುಗೊಂದಿಗೆಲ್ಲ ಬಟ್ಟೆ ತುರುಕಿ, ಹಳೇ ಚೈನಿನ ಒಂದು ಕೊಂಡಿಯನ್ನ ಗ್ರೈಂಡರಿನಲ್ಲಿ ಉಜ್ಜಿ ಬಿಚ್ಚಬೇಕು. ಹೊಸ ಚೈನಿನ ತುದಿಯನ್ನ ಅದರ ತುದಿಗೆ ಕಟ್ಟಬೇಕು. ಒಬ್ಬರು ಕೆಳಗೆ ಇಂಜಿನ್ನನ್ನ ಓಡೋ ದಿಕ್ಕಿಗೆ ನಿಧಾನ ತಿರುಗಿಸಬೇಕು, ಇನ್ನೊಬ್ಬರು ಮೇಲೆ ಎರಡೂ ತುದಿ ಬಿಗಿ ಹಿಡಿದು ಚಕ್ರದ ಹಲ್ಲು ಬಿಡದ ಹಾಗೆ ನೋಡಿಕೊಳ್ಳಬೇಕು. ಹಳೇದು ಹೊರಗೆ ಬರ್ತಾ ಹೊಸದು ಒಳಗೆ ಹೋಗುತ್ತೆ, ಪೈಜಾಮಕ್ಕೆ ಹೊಸ ಲಾಡಿಯನ್ನ ಹಳೇದಕ್ಕೆ ಕಟ್ಟಿ ಎಳೆಯಲ್ವಾ, ಅದೇ ಬುದ್ಧಿ. ಕೊನೆಗೆ ಹೊಸ ಜೋಡಣೆ ಕೊಂಡಿ ಹಾಕಿ ಭದ್ರ ಮಾಡಿ, ಮತ್ತೆ ಗೀಟು ನೋಡಿ, ಕೈಯಲ್ಲೇ ಎರಡು ಸುತ್ತು ತಿರುಗಿಸಿ ಎಲ್ಲೂ ತಡೆಯಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಸ್ಟಾರ್ಟ್. ಗೈಡ್ ಪಟ್ಟಿ ಹಾಳಾಗಿದ್ದರೆ ಅದಕ್ಕೆ ಬೇರೆ ಕೆಲಸ ಬೀಳುತ್ತೆ, ಅದನ್ನ ಮೊದಲೇ ಟಾರ್ಚ್ ಬಿಟ್ಟು ನೋಡಿಟ್ಟುಕೊಳ್ಳಿ. ಇದು ಮನೆಯಲ್ಲಿ ಕೂತು ಮಾಡೋ ಕೆಲಸ ಅಂತ ನಾನು ಹೇಳ್ತಿಲ್ಲ, ಕೈ ಪಳಗಿದ ಮೇಸ್ತ್ರಿಯೇ ಬೇಕು. ಆದ್ರೆ "ಇಂಜಿನ್ ಇಳಿಸ್ದೆ ಆಗಲ್ಲ ಅಣ್ಣಾ" ಅಂದ್ರೆ ಅದನ್ನ ಒಪ್ಪಬೇಡಿ.

ಇಂಜಿನ್ ಇಳಿಸಿದ ಮೇಲೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. "ಹೆಂಗೂ ಬಿಚ್ಚಿದೀವಿ, ಲೈನರ್ ಪಿಸ್ಟನ್ನೂ ಹಾಕ್ಬಿಡನ. ಹೆಂಗೂ ಬಿಚ್ಚಿದೀವಿ, ಕ್ಲಚ್ಚೂ ನೋಡ್ಬಿಡನ." ಈ "ಹೆಂಗೂ ಬಿಚ್ಚಿದೀವಿ"ಯಲ್ಲಿ ಹೋದ ದುಡ್ಡಿಗೆ ಲೆಕ್ಕ ಇಲ್ಲ. ಚೆನ್ನಾಗಿದ್ದ ಪಿಸ್ಟನ್ನು ಗುಜರಿಗೆ, ಗಾಡಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ. ಅಷ್ಟೊತ್ತಿಗೆ ಕಟಾವು ಮುಗಿದಿರುತ್ತೆ, ಬಾಡಿಗೆ ಬೇರೆಯವನಿಗೆ ಹೋಗಿರುತ್ತೆ, ಕಬ್ಬು ಗದ್ದೇಲಿ ಒಣಗಿ ತೂಕ ಕಳ್ಕೊಂಡಿರುತ್ತೆ.

ಇನ್ನೊಂದು ಪಂಗಡದವರಿದ್ದಾರೆ, ಅವರನ್ನೂ ಬಿಡಲ್ಲ. ಶಬ್ದ ಬಂದ್ರೆ ದಪ್ಪ ಆಯಿಲ್ ಹಾಕು, ಏನೋ ಡಬ್ಬಿ ಔಷಧಿ ಸುರಿ, ಸುಮ್ಮನಾಗುತ್ತೆ ಅನ್ನೋರು. ಸುಮ್ಮನಾಗುತ್ತೆ, ನಿಜ. ಹಳೇ ಗಾಡಿ ಮಾರೋ ದಲ್ಲಾಳಿಗಳು ಇದನ್ನೇ ಮಾಡೋದು. ಶಬ್ದ ಅಡಗಿತು ಅಂದ್ರೆ ಸವೆತ ನಿಂತಿಲ್ಲ. ಈ ಇಂಜಿನ್ನಿನಲ್ಲಿ ಚೈನು ಓಡ್ತಾ ಇರುವಾಗ ತುಂಡಾದ್ರೆ ವಾಲ್ವಿಗೆ ಪಿಸ್ಟನ್ ಹೊಡೆಯುತ್ತೆ. ಆಗ ಹೆಡ್ಡು, ವಾಲ್ವು, ಪಿಸ್ಟನ್ನು ಎಲ್ಲಾ ಒಟ್ಟಿಗೇ ಹೋಗುತ್ತೆ, ಅದೂ ಜನ ತುಂಬಿಕೊಂಡು ಘಾಟಿ ಹತ್ತುವಾಗ ಆದ್ರೆ ಕೇಳೋದೇ ಬೇಡ. ಗಾಡಿ ಕೊಳ್ಳೋಕೆ ಹೋದಾಗ ಬೆಳಗ್ಗೆ ಬೇಗ ಹೋಗಿ, ಇಂಜಿನ್ ಮುಟ್ಟಿ ನೋಡಿ, ತಣ್ಣಗಿದ್ರೆ ಮಾತ್ರ ಸ್ಟಾರ್ಟ್ ಮಾಡಿಸಿ ಕೇಳಿ. ಮೊದಲೇ ಬಿಸಿ ಮಾಡಿ ಇಟ್ಟಿದ್ರೆ ಯಾಕೆ ಅಂತ ನಿಮಗೇ ಗೊತ್ತಾಗುತ್ತೆ. ಚೈನಿನ ಆಯಸ್ಸು ಇರೋದು ಆಯಿಲ್ಲಿನಲ್ಲಿ. ಡೀಸೆಲ್ ಮಸಿ ತುಂಬಿದ ಆಯಿಲ್ಲು ಪಿನ್ನಿಗೂ ಬುಷ್ಷಿಗೂ ಮಧ್ಯೆ ಸಾಣೆ ಹಿಡಿದ ಹಾಗೆ ಉಜ್ಜುತ್ತೆ. ಹೊತ್ತಿಗೆ ಸರಿಯಾಗಿ ಬದಲಾಯಿಸಿ, ಬೇರೆ ಔಷಧಿ ಬೇಡ.

ಇದನ್ನೆಲ್ಲ ಹೇಳಿದ್ರೆ ಕೆಲವರಿಗೆ ಸಿಟ್ಟು. "ಮೆಕ್ಯಾನಿಕ್ಕುಗಳ ಹೊಟ್ಟೆ ಮೇಲೆ ಹೊಡೀತೀಯಲ್ಲ, ಅವ್ರೂ ನಮ್ಮ ಹುಡುಗ್ರೇ ಅಲ್ವಾ" ಅಂತಾರೆ. ಹೌದು, ನಮ್ಮ ಹುಡುಗ್ರೇ. ಅದಕ್ಕೇ ಹೇಳ್ತಿರೋದು. ತಪ್ಪಿನ ದೊಡ್ಡ ಪಾಲು ಗಾಡಿ ಮಾಲೀಕರಾದ ನಮ್ಮದು. ಒಬ್ಬ ಹುಡುಗ ಅರ್ಧ ದಿನ ಕೂತು ಬೆಲ್ಟ್ ಕಳಚಿ, ನಾಜಲ್ ನೋಡಿ, ಟ್ಯಾಪೆಟ್ ಅಳೆದು, "ಅಣ್ಣಾ, ನಿಮ್ಮ ಚೈನು ಚೆನ್ನಾಗೈತೆ, ವಾಟರ್ ಪಂಪ್ ಬೇರಿಂಗ್ ಹಾಕ್ಸಿ ಸಾಕು" ಅಂದ್ರೆ ಅವನಿಗೆ ಏನ್ ಕೊಡ್ತೀವಿ? ಒಂದು ಟೀ. "ನೋಡಿದ್ದಕ್ಕೆಲ್ಲಾ ಏನ್ ದುಡ್ಡು ಕಣ್ಲಾ" ಅಂತೀವಿ. ಅದೇ ಹುಡುಗ ಇಂಜಿನ್ ಇಳಿಸಿದ್ರೆ ಸಾವಿರಗಟ್ಟಲೆ ಕೂಲಿ ಎಣಿಸಿ ಕೊಡ್ತೀವಿ, ಮೇಲೆ ಸ್ಪೇರ್ ಅಂಗಡಿ ಕಮಿಷನ್ನೂ ಸಿಗುತ್ತೆ. ನಿಜ ಹೇಳಿದವನಿಗೆ ಟೀ, ಬಿಚ್ಚಿದವನಿಗೆ ನೋಟು. ಹಿಂಗಿರುವಾಗ ಅವನು ಬಿಚ್ಚದೆ ಇನ್ನೇನು ಮಾಡ್ತಾನೆ? ಪಶು ಡಾಕ್ಟ್ರು ಹಸು ನೋಡೋಕೆ ಬಂದ್ರೆ ಇಂಜೆಕ್ಷನ್ ಕೊಡದೆ ಹೋದ್ರೂ ಪೆಟ್ರೋಲಿಗೆ ಅಂತ ಕೈಗೆ ಏನಾದ್ರೂ ಇಡ್ತೀವಿ. ಇಂಜಿನ್ ನೋಡೋನಿಗೆ ಮಾತ್ರ ಇಲ್ಲ.

ಅದಕ್ಕೆ ಈ ಸೀಸನ್ನಿನಿಂದ ಗ್ಯಾರೇಜಿಗೆ ಹೋದ ತಕ್ಷಣ ಮೊದಲೇ ಹೇಳಿ: "ತಮ್ಮಾ, ನೋಡೋ ಕೂಲಿ ಬೇರೆ, ಮಾಡೋ ಕೂಲಿ ಬೇರೆ. ನೋಡೋದಕ್ಕೆ ಇಷ್ಟು ಕೊಡ್ತೀನಿ, ನೀನು ಏನೂ ಬಿಚ್ಚದೆ ಹೋದ್ರೂ ಕೊಡ್ತೀನಿ. ಆದ್ರೆ ಏನ್ ನೋಡ್ದೆ, ಎಷ್ಟು ಬಂತು ಅಂತ ಚೀಟಿಲಿ ಬರ್ಕೊಡು." ಬೆಲ್ಟ್ ಕಳಚಿದಾಗ ಶಬ್ದ ಇತ್ತಾ, ಯಾವ ನಾಜಲ್ಲು, ಟ್ಯಾಪೆಟ್ ಎಷ್ಟು, ಚೈನು ಎಷ್ಟು ಡಿಗ್ರಿ. ಬರೆದುಕೊಡೋಕೆ ಹಿಂದೆ ಮುಂದೆ ನೋಡೋನ ಕೈಗೆ ಕೀ ಕೊಡಬೇಡಿ. ಖುಷಿಯಿಂದ ಬರೆದುಕೊಟ್ಟವನ ನಂಬರನ್ನ ಊರಿನವರಿಗೆಲ್ಲ ಹಂಚಿ. ಬದಲಾಯಿಸಿದ ಹಳೇ ಸಾಮಾನನ್ನ ಮನೆಗೆ ತನ್ನಿ. ಹಳೇ ಚೈನನ್ನ ಹೊಸದರ ಪಕ್ಕ ನೆಲದ ಮೇಲೆ ಉದ್ದಕ್ಕೆ ಹಾಸಿ ನೋಡಿ. ಕೊಂಡಿ ಲೆಕ್ಕ ಒಂದೇ ಇದ್ದೂ ಹಳೇದು ಉದ್ದ ಬಂದ್ರೆ ಅಷ್ಟು ಸವೆದಿತ್ತು ಅಂತ. ಎರಡೂ ಸಮ ಬಂದ್ರೆ, ಚೀಟಿ ಹಿಡಿದುಕೊಂಡು ಗ್ಯಾರೇಜಿಗೆ ವಾಪಸ್ ಹೋಗಿ.

ಮೊನ್ನೆ ಬೆಳ್ಳೂರು ಕಡೆಯ ಇಬ್ಬರು ಫೋನ್ ಮಾಡಿ ಪುಲ್ಲಿ ಗುರುತು ಸಿಗ್ತಿಲ್ಲ ಅಂದ್ರು. ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಪುಲ್ಲಿ ಅಂಚು ಒರೆಸಿ, ಗೀಟಿಗೆ ಸೀಮೆಸುಣ್ಣ ಹಚ್ಚಿ, ಕಾಣುತ್ತೆ. ನಿಮ್ಮ ಗಾಡಿ ಎಷ್ಟು ಕಿಲೋಮೀಟರಿಗೆ ಎಷ್ಟು ಡಿಗ್ರಿ ತೋರಿಸ್ತು ಅಂತ ನನಗೂ ತಿಳಿಸಿ, ನಾಲ್ಕೂ ತಾಲ್ಲೂಕಿನದು ಒಂದು ಪಟ್ಟಿ ಮಾಡಿ ಇಲ್ಲೇ ಹಾಕ್ತೀನಿ.